ಸಾರು ಗಟ್ಟಿಯಾದರೆ ಡಬ್ಬಿಯ ಪುಡಿ ಬೇಕಿಲ್ಲ

ಪ್ರಶ್ನೆ: ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಗಂಡ ಗೂಡ್ಸ್ ಆಟೊ ಓಡಿಸುತ್ತಾರೆ. ಅವರು, ನಾನು, 62 ವರ್ಷದ ಅತ್ತೆ (ಅವರಿಗೆ ಶುಗರ್ ಇದೆ), ಒಂಬತ್ತನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ, ಒಟ್ಟು ಐದು ಜನ. ಮಕ್ಕಳಿಬ್ಬರೂ ಸರ್ಕಾರಿ ಶಾಲೆಗೆ ಹೋಗುತ್ತಾರೆ. ಅಕ್ಕಿ ರೇಷನ್‌ನಲ್ಲಿ ಬರುತ್ತದೆ. ಮಿಕ್ಕ ಊಟ-ತಿಂಡಿ ಖರ್ಚೆಲ್ಲ 7,000 ರೂಪಾಯಿಯಲ್ಲಿ ಮುಗಿಯಬೇಕು. ಮೂರು ಹೊತ್ತೂ ಹೆಚ್ಚುಕಡಿಮೆ ಅಕ್ಕಿಯದೇ ಅಡುಗೆ, ದಿನಕ್ಕೆ ಒಂದೂಕಾಲು ಕೆಜಿ ಬೇಕು. ತಿಂಗಳಿಗೆ ತೊಗರಿಬೇಳೆ 2 ಕೆಜಿ, ಎಣ್ಣೆ 5 ಲೀಟರ್, ಹಾಲು ದಿನಕ್ಕೆ ಒಂದೂವರೆ ಲೀಟರ್ (ಟೀ ನಾಲ್ಕು ಸಲ ಆಗುತ್ತದೆ). ಮಕ್ಕಳಿಗೆ 450 ರೂಪಾಯಿಯ ಒಂದು ಡಬ್ಬಿ ಪುಡಿ, ಬಿಸ್ಕತ್ತು ಚಿಪ್ಸಿಗೆ 600 ರೂಪಾಯಿ. ಶಾಲೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಮಗಳ ಹಿಮೋಗ್ಲೋಬಿನ್ 9.2 ಬಂತು. ಬೀಟ್‌ರೂಟ್, ದಾಳಿಂಬೆ, ಖರ್ಜೂರ ಕೊಡಿ ಎನ್ನುತ್ತಾರೆ, ಅಷ್ಟು ದುಡ್ಡು ಎಲ್ಲಿಂದ ತರಲಿ? ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳು ಬೆರೆಸಿದ್ದಾರೆಂದು ಆರಿಸಿ ಎಸೆಯುತ್ತಿದ್ದೇನೆ. ಮೊಟ್ಟೆ ಉಷ್ಣ ಎಂದು ಅತ್ತೆ ಬೇಡ ಅನ್ನುತ್ತಾರೆ. ಎಲ್ಲರೂ ಉಂಡ ಮೇಲೆ ಮಿಕ್ಕಿದ್ದು ನನಗೆ, ಅದರ ಬಗ್ಗೆ ನನಗೇನೂ ಬೇಸರವಿಲ್ಲ. ಮಕ್ಕಳಿಗೆ ಸರಿಯಾಗಿ ತಿನ್ನಿಸುವುದು ಹೇಗೆ ಹೇಳಿ.

ಉತ್ತರ: ನೀವು ಲೆಕ್ಕವನ್ನು ಇಷ್ಟು ಸ್ಪಷ್ಟವಾಗಿ ಬರೆದದ್ದರಿಂದ ಉತ್ತರವೂ ಲೆಕ್ಕದಲ್ಲೇ ಸಿಗುತ್ತದೆ. 7,000 ರೂಪಾಯಿಯಲ್ಲಿ ಐದು ಜನ ಚೆನ್ನಾಗಿ ಉಣ್ಣಬಹುದು. ಮಗಳ ರಕ್ತದ ವಿಷಯ ಮಾತ್ರ ಬೇರೆ, ಅದು ಅಡುಗೆಮನೆಯಲ್ಲಿ ತೀರುವ ಸಂಗತಿಯಲ್ಲ. ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ಹದಿನಾಲ್ಕು ವರ್ಷದ ಹುಡುಗಿಗೆ ಹಿಮೋಗ್ಲೋಬಿನ್ 12 ಇರಬೇಕು. 8ರಿಂದ 10.9ರವರೆಗೆ ಇದ್ದರೆ ಅದು ಮಧ್ಯಮ ಮಟ್ಟದ ರಕ್ತಹೀನತೆ. 9.2 ಬಂದ ಮೇಲೆ ಮಾತ್ರೆ ಬೇಕೇ ಬೇಕು. ಈ ವಯಸ್ಸಿನಲ್ಲಿ ಅವಳಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಸೊಪ್ಪು, ಕಾಳು, ಧಾನ್ಯದಲ್ಲಿರುವ ಕಬ್ಬಿಣದಲ್ಲಿ ಮೈ ಹೀರಿಕೊಳ್ಳುವುದು ನೂರಕ್ಕೆ ಐದರಿಂದ ಎಂಟು ಪಾಲು ಅಷ್ಟೆ. ಒಳ್ಳೆಯ ಊಟ ಇರುವ ರಕ್ತವನ್ನು ಕಾಪಾಡುತ್ತದೆ, ಆದರೆ ಇಷ್ಟು ಕೆಳಗಿಳಿದದ್ದನ್ನು ಊಟವೊಂದೇ ಮೇಲೆತ್ತಲಾರದು.

ಬೀಟ್‌ರೂಟ್ ಕೆಂಪಗಿದೆ, ದಾಳಿಂಬೆ ಕೆಂಪಗಿದೆ, ಅದಕ್ಕೇ ರಕ್ತ ಕೊಡುತ್ತದೆ ಎಂದು ಜನ ನಂಬಿದ್ದಾರೆ. ಆ ಕೆಂಪು ಬಣ್ಣಕ್ಕೂ ರಕ್ತಕ್ಕೂ ಸಂಬಂಧವಿಲ್ಲ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ, ದಾಳಿಂಬೆಯಲ್ಲಿ ಅದಕ್ಕಿಂತ ಕಡಿಮೆ. ಬೆಲ್ಲ ಸಕ್ಕರೆಗಿಂತ ವಾಸಿ ನಿಜ, ಆದರೆ ಒಂದು ಚಮಚ ಬೆಲ್ಲದಿಂದ ಸಿಗುವುದು ಅರ್ಧ ಮಿಲಿಗ್ರಾಮಿನೊಳಗೆ. ನೂರು ಗ್ರಾಂ ಹುರಳಿಕಾಳಿನಲ್ಲಿ 7-8 ಮಿಲಿಗ್ರಾಂ ಇದೆ, ದಂಟಿನ ಸೊಪ್ಪಿನಲ್ಲಿ, ನುಗ್ಗೆಸೊಪ್ಪಿನಲ್ಲಿ 4-5. ದಾಳಿಂಬೆಯ ದುಡ್ಡಿಗೆ ವಾರವಿಡೀ ಸೊಪ್ಪು ಬರುತ್ತದೆ.

ಮಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಶಾಲೆಯ ಚೀಟಿ ಜೊತೆಗಿರಲಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ (60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ) ರಕ್ತಹೀನತೆ ಬಾರದಂತೆ ತಡೆಯಲು ಕೊಡುವಂಥದ್ದು. ಈಗಾಗಲೇ ಇಳಿದಿರುವವರಿಗೆ ದಿನವೂ ಬೇಕಾಗುತ್ತದೆ. ಎಷ್ಟು, ಎಷ್ಟು ದಿನ ಎಂದು ವೈದ್ಯರು ಬರೆದುಕೊಡುತ್ತಾರೆ, ಮಾತ್ರೆ ಅಲ್ಲಿ ಉಚಿತ. ಹೆಚ್ಚಿನ ಮಕ್ಕಳು ಹತ್ತು ದಿನಕ್ಕೇ ನಿಲ್ಲಿಸಿಬಿಡುತ್ತಾರೆ, ಏಕೆಂದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಕಪ್ಪಾಗುವುದು ಸಹಜ, ಹೆದರಬೇಡಿ. ತೊಳಸಿದರೆ ರಾತ್ರಿ ಊಟವಾದ ಮೇಲೆ ಮಲಗುವ ಹೊತ್ತಿಗೆ ಕೊಡಿ. ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆ ಕೊಡಬೇಡಿ, ನಿಂಬೆರಸ ಹಿಂಡಿದ ನೀರಿನಲ್ಲಿ ಕೊಡಿ. ಒಂದು ತಿಂಗಳಿಗೆ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಕಾರಣ ಬೇರೆ ಇರಬಹುದು, ಬಿ12 ಜೀವಸತ್ವದ ಕೊರತೆಯೋ, ಥಲಸ್ಸೇಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯೋ ನೋಡಬೇಕಾಗುತ್ತದೆ. ಇನ್ನೆರಡು ಮಾತು ವೈದ್ಯರಿಗೆ ಹೇಳಲೇಬೇಕು: ಮುಟ್ಟಿನಲ್ಲಿ ಎಷ್ಟು ದಿನ ರಕ್ತ ಹೋಗುತ್ತದೆ, ಜಂತುಹುಳುವಿನ ಮಾತ್ರೆ ಯಾವಾಗ ತಿಂದಿದ್ದಳು. ಹುಳುವಿನ ಮಾತ್ರೆಯನ್ನು ಶಾಲೆಗಳಲ್ಲಿ ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ ಕೊಡುತ್ತಾರೆ. ಆ ದಿನ ಶಾಲೆ ತಪ್ಪಿಸಿದ್ದರೆ ಅದೂ ತಪ್ಪಿರುತ್ತದೆ.

ಅಕ್ಕಿಯ ವಿಷಯ. ಆ ಕಾಳುಗಳನ್ನು ದಯವಿಟ್ಟು ಎಸೆಯಬೇಡಿ. ಅದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಕಾಳು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಯಂತ್ರದಲ್ಲಿ ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿರುತ್ತಾರೆ. ನೂರು ಕಾಳಿಗೆ ಒಂದರಂತೆ ಸೇರಿಸುತ್ತಾರೆ. ಒತ್ತಿ ಮಾಡಿದ್ದರಿಂದ ಬಣ್ಣ ಸ್ವಲ್ಪ ಬೇರೆ, ಕೆಲವು ನೀರಿನಲ್ಲಿ ತೇಲುತ್ತವೆ, ಮೊರದಲ್ಲಿ ಕಣ್ಣಿಗೆ ಬೀಳುತ್ತವೆ. ಅನ್ನವನ್ನು ಉಂಡೆ ಕಟ್ಟಿ ನೆಲಕ್ಕೆ ಹೊಡೆದು ಪುಟಿಯುತ್ತದೆ ನೋಡಿ ಎನ್ನುವ ವಿಡಿಯೊ ನೀವೂ ನೋಡಿರುತ್ತೀರಿ. ಗಂಜಿಯ ಅಂಟಿರುವ ಯಾವ ಅನ್ನವನ್ನು ಉಂಡೆ ಕಟ್ಟಿದರೂ ಪುಟಿಯುತ್ತದೆ. ಅನುಮಾನವಿದ್ದರೆ ನಾಲ್ಕು ಕಾಳು ಚಮಚದಲ್ಲಿಟ್ಟು ಕಾಯಿಸಿ. ಪ್ಲಾಸ್ಟಿಕ್ ಆಗಿದ್ದರೆ ಕರಗಿ ನಾರುತ್ತದೆ, ಇದು ಅಕ್ಕಿಯ ಹಾಗೇ ಕರಿದಾಗಿ ಸುಡುತ್ತದೆ. ನಿಮ್ಮ ಮಗಳಿಗೆ ಕಡಿಮೆಯಿರುವುದನ್ನೇ ಅಕ್ಕಿಗೆ ಸೇರಿಸಿ ಕೊಟ್ಟಿದ್ದಾರೆ, ನೀವು ಆರಿಸಿ ಹೊರಗೆ ಹಾಕುತ್ತಿದ್ದೀರಿ. ಅಕ್ಕಿಯನ್ನು ಎರಡು ಸಲ ತೊಳೆದರೆ ಸಾಕು. ಗಂಜಿ ಬಸಿದು ಚೆಲ್ಲುವ ರೂಢಿಯಿದ್ದರೆ ಬಿಡಿ. ಬಸಿಯಲೇಬೇಕೆಂದಿದ್ದರೆ ಆ ಗಂಜಿಯನ್ನು ಸಾರಿಗೆ ಹಾಕಿ. ಥಲಸ್ಸೇಮಿಯಾ ಇರುವವರು ಮಾತ್ರ ಈ ಅಕ್ಕಿಯನ್ನು ವೈದ್ಯರನ್ನು ಕೇಳಿ ಉಣ್ಣಬೇಕು.

ಇನ್ನು ನಿಮ್ಮ ಮನೆಯ ನಿಜವಾದ ಕೊರತೆ. ಐದು ಜನಕ್ಕೆ ತಿಂಗಳಿಗೆ 2 ಕೆಜಿ ಬೇಳೆ ಎಂದರೆ ದಿನಕ್ಕೆ 67 ಗ್ರಾಂ, ತಲೆಗೆ 13 ಗ್ರಾಂ. 150 ಮಿಲಿ ಹಿಡಿಯುವ ಕಾಫಿ ಲೋಟದಲ್ಲಿ ಅಳೆದರೆ ಇಡೀ ಮನೆಗೆ ಅರ್ಧ ಲೋಟ. ಅಂಥ ಸಾರಿನಲ್ಲಿ ಹುಣಸೆ, ಉಪ್ಪು, ಖಾರ ಇರುತ್ತದೆ, ಅನ್ನ ಜಾರುತ್ತದೆ, ಬೇಳೆ ಮಾತ್ರ ತಳದಲ್ಲಿ ಹುಡುಕಬೇಕು. ಅಕ್ಕಿ ಕೈಖರ್ಚಿಲ್ಲದೆ ಬರುವ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದೇ ಇದು: ತಟ್ಟೆ ತುಂಬ ಅನ್ನ, ಮೇಲೆ ತಿಳಿಸಾರು, ಹೊಟ್ಟೆ ತುಂಬುತ್ತದೆ, ಮೈಗೆ ಹಿಡಿಯುವುದಿಲ್ಲ. ನಿಮ್ಮ ಐದು ಜನಕ್ಕೆ ಸೇರಿ ದಿನಕ್ಕೆ ಸುಮಾರು 210 ಗ್ರಾಂ ಪ್ರೋಟೀನ್ ಬೇಕು. ಈಗಿನ ಅಕ್ಕಿ, ಹಾಲು, ಬೇಳೆ ಮೂರೂ ಸೇರಿ 155ರ ಆಸುಪಾಸಿಗೆ ನಿಲ್ಲುತ್ತದೆ.

ಅದನ್ನು ತುಂಬಲು ಪುಡಿಯ ಡಬ್ಬಿ ತಂದಿರಿ. ಅದರಲ್ಲಿ ಏನಿದೆ ಎಂದು ಹಿಂಬದಿಯ ಲೇಬಲ್ ಓದಿ. ಇಂಥ ಮಾಲ್ಟ್ ಪುಡಿಗಳಲ್ಲಿ ನೂರು ಗ್ರಾಮಿಗೆ ಪ್ರೋಟೀನ್ ಹತ್ತರ ಆಸುಪಾಸು, ಸಕ್ಕರೆ ಅದಕ್ಕಿಂತ ಬಹಳ ಹೆಚ್ಚು. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವರ್ಗವೇ ಇಲ್ಲವಾದ್ದರಿಂದ ಆ ಹೆಸರಿನಡಿ ಇವನ್ನು ಮಾರಬಾರದೆಂದು ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಒಂದೇ ಲೆಕ್ಕ ಇಟ್ಟುಕೊಳ್ಳಿ: 10 ಗ್ರಾಂ ಪ್ರೋಟೀನಿಗೆ ಎಷ್ಟು ರೂಪಾಯಿ? ಕಿರಾಣಿ ಅಂಗಡಿಯ ಈಚಿನ ಬೆಲೆ ಹಿಡಿದರೆ ಸೋಯಾ ಚಂಕ್ಸಿನಲ್ಲಿ ಸುಮಾರು 3 ರೂಪಾಯಿ, ಹುರಳಿಯಲ್ಲಿ 4, ತೊಗರಿಬೇಳೆಯಲ್ಲಿ 5-6, ಕಡಲೆಬೀಜದಲ್ಲಿ 6, ಮೊಟ್ಟೆಯಲ್ಲಿ 11-12, ಹಾಲಿನಲ್ಲಿ 14, ಕೋಳಿಮಾಂಸದಲ್ಲಿ 18, ಪನೀರಿನಲ್ಲಿ 20ರ ಮೇಲೆ. ಕೆಜಿಗೆ 450 ರೂಪಾಯಿಯ ಪುಡಿಯಲ್ಲಿ 45! ಬೆಲೆ ಏರಿಳಿದರೂ ಈ ಸಾಲಿನ ಕ್ರಮ ಅಷ್ಟಾಗಿ ಬದಲಾಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದು ಇಷ್ಟು. ಬೇಳೆಕಾಳು ದಿನಕ್ಕೆ ಅರ್ಧ ಲೋಟದಿಂದ ಎರಡು ಲೋಟಕ್ಕೆ ಏರಲಿ, ಅಂದರೆ ತಿಂಗಳಿಗೆ 8 ಕೆಜಿ: ತೊಗರಿಬೇಳೆ 3, ಹುರಳಿ 2, ಅಲಸಂದೆ, ಹೆಸರುಕಾಳು, ಕಡಲೆಕಾಳು ಒಂದೊಂದು. ಜೊತೆಗೆ ಸೋಯಾ ಅರ್ಧ ಕೆಜಿ. ಎಲ್ಲ ಸೇರಿ 910 ರೂಪಾಯಿ ಆಗುತ್ತದೆ. ಈಗ ಬೇಳೆಗೆ 240 ಕೊಡುತ್ತಿದ್ದೀರಿ. ಕಡಲೆಬೀಜ ಒಂದೂವರೆ ಕೆಜಿ 210, ಮೊಟ್ಟೆ ಎರಡು ಟ್ರೇ 420, ರಾಗಿ 12 ಕೆಜಿ ಮಿಲ್ಲಿನ ಕೂಲಿ ಸೇರಿ 600. ಹೊಸದಾಗಿ ಬೀಳುವ ಖರ್ಚು 1,900.

ಇದು ಎಲ್ಲಿಂದ ಬರಬೇಕು? ಪುಡಿ ಡಬ್ಬಿ 450, ಬಿಸ್ಕತ್ತು ಚಿಪ್ಸು 600, ಎಣ್ಣೆ 5 ಲೀಟರನ್ನು 3ಕ್ಕೆ ಇಳಿಸಿದರೆ 300, ಹಾಲು ಒಂದೂವರೆಯಿಂದ ಒಂದು ಲೀಟರಿಗೆ ಇಳಿಸಿದರೆ 690. ಒಟ್ಟು 2,040. ಮಿಕ್ಕ 140 ನಿಂಬೆಹಣ್ಣಿಗೆ, ಸೀಬೆಹಣ್ಣಿಗೆ ಇರಲಿ. ತರಕಾರಿ, ಕಾಯಿ, ಮಸಾಲೆ, ಟೀಪುಡಿಯ ಖರ್ಚಿಗೆ ಕೈ ಹಾಕಿಲ್ಲ.

ಬಿಸ್ಕತ್ತನ್ನು ಒಂದೇ ದಿನ ನಿಲ್ಲಿಸಿದರೆ ಮಕ್ಕಳು ಗಲಾಟೆ ಮಾಡುತ್ತಾರೆ, ಎರಡನೇ ವಾರ ಎಲ್ಲ ಹಳೆಯದಕ್ಕೇ ತಿರುಗುತ್ತದೆ. ಸಂಜೆ ನಾಲ್ಕೂವರೆಗೆ ಮಕ್ಕಳು ಬಾಗಿಲು ದಾಟಿ ಒಳಗೆ ಬರುವಾಗ ತಿನ್ನುವುದಕ್ಕೆ ಏನಾದರೂ ಸಿದ್ಧವಿರಬೇಕು: ಬೇಯಿಸಿದ ಕಡಲೆಬೀಜ, ಕಡಲೆಕಾಳಿನ ಉಸಲಿ, ಹುರಿಹಿಟ್ಟಿನ ಉಂಡೆ, ಯಾವುದಾದರೂ ಒಂದು. ಹುರಿಹಿಟ್ಟಿಗೆ ಒಂದು ಕೆಜಿ ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಪೂರ್ತಿ ಒಣಗಿಸಿ ಘಮ ಬರುವ ತನಕ ಹುರಿಯಿರಿ, ಕಾಲು ಕೆಜಿ ಹುರಿಗಡಲೆ ಸೇರಿಸಿ ಬೀಸಿಸಿ. ಕಡಲೆಬೀಜವನ್ನು ಇದರ ಜೊತೆ ಬೀಸಿಸಬೇಡಿ, ಎಣ್ಣೆ ಬಿಟ್ಟುಕೊಂಡು ಹದಿನೈದು-ಇಪ್ಪತ್ತು ದಿನಕ್ಕೆ ಕಮಟು ವಾಸನೆ ಹಿಡಿಯುತ್ತದೆ. ಉಂಡೆ ಕಟ್ಟುವ ದಿನ ಕುಟ್ಟಿ ಹಾಕಿ.

ಎಣ್ಣೆ ‘ಕಡಿಮೆ ಹಾಕೋಣ’ ಅಂದುಕೊಂಡರೆ ಕಡಿಮೆಯಾಗುವುದಿಲ್ಲ, ಅಳೆಯಬೇಕು. ಬೆಳಿಗ್ಗೆ 100 ಮಿಲಿ ಎಣ್ಣೆಯನ್ನು ಒಂದು ಸಣ್ಣ ಬಾಟಲಿಗೆ ಸುರಿದು, ಅವತ್ತಿನ ಅಡುಗೆಯೆಲ್ಲ ಅದರಲ್ಲೇ ಮಾಡಿ. ತಲೆಗೆ 20 ಮಿಲಿ ಬರುತ್ತದೆ, ಸಾಕು. ಟೀ ನಾಲ್ಕರ ಬದಲು ಎರಡು ಸಲ ಆಗಲಿ, ಊಟಕ್ಕೆ ಅಂಟಿಕೊಂಡು ಬೇಡ. ಊಟದ ಜೊತೆಗೋ ಊಟವಾದ ಕೂಡಲೋ ಕುಡಿದ ಟೀ ಸೊಪ್ಪು-ಕಾಳಿನ ಕಬ್ಬಿಣವನ್ನು ಅರ್ಧಕ್ಕರ್ಧ ತಡೆದುಬಿಡುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಮಗಳು ಟೀ ಕುಡಿಯುತ್ತಿದ್ದರೆ ಸದ್ಯಕ್ಕೆ ಪೂರ್ತಿ ನಿಲ್ಲಿಸಿ.

ಹಾಲು ಕಡಿಮೆಯಾದರೆ ಕ್ಯಾಲ್ಸಿಯಂ ಹೇಗೆ ಎಂಬ ಚಿಂತೆ ಬರುತ್ತದೆ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 280 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಒಂದು ದೊಡ್ಡ ಲೋಟ ಹಾಲಿನಷ್ಟು. ಹಾಲಿನದರಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲ, ಆದರೂ ದಿನವೂ ಉಂಡರೆ ದೊಡ್ಡ ಮೊತ್ತವೇ. ರಾಗಿಯನ್ನು ಕಬ್ಬಿಣಕ್ಕೆಂದು ಮಾತ್ರ ನಂಬಬೇಡಿ, ಅದರ ಒಗರೇ ಕಬ್ಬಿಣ ಹೀರುವುದಕ್ಕೆ ಅಡ್ಡಿ.

ಇನ್ನು ಅತ್ತೆಯವರಿಗೆ: ‘ರಾಗಿ ತಿಂದರೆ ಶುಗರ್ ಏರುವುದಿಲ್ಲ’ ಎಂಬುದು ಸುಳ್ಳು. ರಾಗಿಯೂ ಪಿಷ್ಟವೇ, ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಸಕ್ಕರೆಯನ್ನು ಚೆನ್ನಾಗಿಯೇ ಏರಿಸುತ್ತದೆ. ಅವರಿಗೆ 50 ಗ್ರಾಂ ಹಿಟ್ಟಿನ ಸಣ್ಣ ಮುದ್ದೆ ಕಟ್ಟಿ, ತಟ್ಟೆಗೆ ಮೊದಲು ಕಾಳುಪಲ್ಯ ಬಡಿಸಿ, ಅದನ್ನು ತಿಂದ ಮೇಲೆ ಮುದ್ದೆ ಮುರಿಯಲಿ. ಮುದ್ದೆ ಉಂಡ ಹೊತ್ತು ಅನ್ನ ಬೇಡ. ಅವರಿಗೆ ಕಿಡ್ನಿ ತೊಂದರೆ ಇದೆಯೆಂದು ಯಾರಾದರೂ ಹೇಳಿದ್ದರೆ ಕಾಳು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಿ.

ಈ ಲೆಕ್ಕವೆಲ್ಲ ತಟ್ಟೆಗೆ ಇಳಿಯುವ ಅಡುಗೆ ನಮ್ಮಲ್ಲಿ ಮೊದಲಿನಿಂದಲೂ ಇದೆ, ಅದು ಬಸ್ಸಾರು. ಒಂದೇ ಪಾತ್ರೆಯಿಂದ ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ, ಬೆಂದ ನೀರು ಒಂದು ತೊಟ್ಟೂ ಚೆಲ್ಲುವುದಿಲ್ಲ. ಐದು ಜನಕ್ಕೆ ಎರಡು ಲೋಟ ಹುರಳಿ (250 ಗ್ರಾಂ), ಎರಡು ಕಟ್ಟು ದಂಟಿನ ಸೊಪ್ಪು. ಹುರಳಿಯನ್ನು ರಾತ್ರಿ ಹತ್ತು-ಹನ್ನೆರಡು ಗಂಟೆ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ. ಹೊಟ್ಟೆ ಉಬ್ಬರ ತರುವ ಅಂಶ ಅದರ ಜೊತೆ ಸಾಕಷ್ಟು ಹೋಗುತ್ತದೆ. ಒಂದೂಕಾಲು ಲೀಟರ್ ಹೊಸ ನೀರು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಕೂಗು. ನೆನೆಸದೆ ಇಟ್ಟರೆ ಅದರ ಎರಡರಷ್ಟು ಕೂಗಬೇಕು, ಗ್ಯಾಸೂ ಅಷ್ಟೇ ಹೆಚ್ಚು ಉರಿಯುತ್ತದೆ. ಈ ಹಂತದಲ್ಲಿ ಹುಣಸೆ, ಟೊಮೆಟೊ ಹಾಕಬೇಡಿ. ಹುಳಿ ಬಿದ್ದರೆ ಕಾಳು ಎಷ್ಟು ಕೂಗಿಸಿದರೂ ಗಟ್ಟಿಯಾಗೇ ಉಳಿಯುತ್ತದೆ. ಬೇಗ ಬೇಯಲೆಂದು ಅಡುಗೆ ಸೋಡ ಹಾಕುವವರಿದ್ದಾರೆ, ಅದು ಬಿ1 ಜೀವಸತ್ವವನ್ನು ಹಾಳು ಮಾಡುತ್ತದೆ. ಕುಕ್ಕರ್ ಇಳಿಸಿ, ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಐದಾರು ನಿಮಿಷ ಕುದಿಸಿ ಬಸಿಯಿರಿ. ಒಂದು ಸೌಟು ಬೆಂದ ಕಾಳು-ಸೊಪ್ಪಿಗೆ ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಐದಾರು ಒಣಮೆಣಸಿನಕಾಯಿ (ಇವು ಮೂರನ್ನೂ ಹುರಿದು), ಒಂದು ಚಮಚ ಜೀರಿಗೆ, ಎರಡು ಚಮಚ ಧನಿಯ, ಒಂದು ಹಿಡಿ ಕಾಯಿತುರಿ, ಗೋಲಿ ಗಾತ್ರದ ಹುಣಸೆ ಸೇರಿಸಿ ರುಬ್ಬಿ. ಬಸಿದ ಕಟ್ಟಿಗೆ ಬೆರೆಸಿ ಹತ್ತು ನಿಮಿಷ ಕುದಿಸಿ ಒಗ್ಗರಣೆ ಹಾಕಿ. ಮಿಕ್ಕ ಕಾಳು-ಸೊಪ್ಪು ಪಲ್ಯಕ್ಕೆ, ತಟ್ಟೆಗೆ ಬಡಿಸಿದ ಮೇಲೆ ಅದರ ಮೇಲೆ ನಿಂಬೆ ಹಿಂಡಿ. ಆ ಹುಳಿಯಲ್ಲಿರುವ ಸಿ ಜೀವಸತ್ವ ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ, ಆದರೆ ಕುದಿಸಿದರೆ ಹೋಗಿಬಿಡುತ್ತದೆ, ಅದಕ್ಕೇ ಕೊನೆಯಲ್ಲಿ. ತಲೆಗೆ 11 ಗ್ರಾಂ ಪ್ರೋಟೀನ್ ಬಂತು, ಇಡೀ ಅಡುಗೆಯ ಖರ್ಚು ನೂರು ರೂಪಾಯಿಯೊಳಗೆ. ಕಾಯಿ ತುಟ್ಟಿಯಾದ ವಾರ ಅರ್ಧ ಕಾಯಿತುರಿ, ಅರ್ಧ ಹುರಿದ ಕಡಲೆಬೀಜ ಹಾಕಿ, ರುಚಿ ಕೆಡುವುದಿಲ್ಲ.

ಕಾಳು ಹೆಚ್ಚಿಸುವಾಗ ಎಡವುವ ಜಾಗಗಳೂ ಇವೆ. ಒಂದೇ ಸಲ ನಾಲ್ಕು ಪಟ್ಟು ಮಾಡಬೇಡಿ, ಹೊಟ್ಟೆ ಉಬ್ಬರಿಸಿ ಮನೆಯವರು ಬೇಡವೆನ್ನುತ್ತಾರೆ. ಮೊದಲ ವಾರ ಒಂದು ಲೋಟ, ಆಮೇಲೆ ಒಂದೂವರೆ, ಮೂರನೇ ವಾರಕ್ಕೆ ಎರಡು. ಮೊಳಕೆಕಾಳು ಬೇಸಿಗೆಯಲ್ಲಿ ಲೋಳೆಯಾಗಿ ಹುಳಿವಾಸನೆ ಬಂದರೆ ತೊಳೆದು ಬಳಸುವ ಯೋಚನೆ ಬೇಡ, ಚೆಲ್ಲಿಬಿಡಿ. ಹಸಿ ಮೊಳಕೆಯನ್ನು ಅತ್ತೆಗೆ, ಮಕ್ಕಳಿಗೆ ಕೊಡಬೇಡಿ, ಬೇಯಿಸಿಯೇ ಕೊಡಿ. ಬಿಡಿಯಾಗಿ ಅಗ್ಗಕ್ಕೆ ಸಿಗುವ ತೊಗರಿಬೇಳೆಯಲ್ಲಿ ಕೇಸರಿಬೇಳೆ ಬೆರೆಸುವುದುಂಟು. ತೊಗರಿ ದುಂಡಗಿರುತ್ತದೆ, ಕೇಸರಿ ಮೂಲೆಮೂಲೆಯಾಗಿ ಚಪ್ಪಟೆ. ತಿಂಗಳುಗಟ್ಟಲೆ ಹೆಚ್ಚಾಗಿ ತಿಂದರೆ ಕಾಲಿನ ಬಲವೇ ಹೋಗುತ್ತದೆ. ಅಗ್ಗ ಎಂದು ಆರು ತಿಂಗಳಿಗೆ ಆಗುವಷ್ಟು ಕಾಳು ತಂದರೆ ಹುಳು ಹಿಡಿದು ಅರ್ಧ ಹಿಟ್ಟಾಗುತ್ತದೆ. ಎರಡು ತಿಂಗಳಿಗಾಗುವಷ್ಟು ತಂದು, ಒಂದು ದಿನ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಬಿಗಿ ಡಬ್ಬಿಯಲ್ಲಿಡಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವೆತು ಬೂಸ್ಟು ಬರುತ್ತದೆ.

ಕಬ್ಬಿಣದ ಬಾಣಲೆ ಇದ್ದರೆ ಸೊಪ್ಪಿನ ಪಲ್ಯ, ಹುಣಸೆ ಗೊಜ್ಜು ಅದರಲ್ಲೇ ಮಾಡಿ, ಹುಳಿ ಅಡುಗೆಗೆ ಬಾಣಲೆಯ ಕಬ್ಬಿಣ ಸ್ವಲ್ಪ ಇಳಿಯುವುದು ನಿಜ. ಆದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ.

ಮೊಟ್ಟೆ ಉಷ್ಣ ಎಂಬ ಮಾತಿಗೆ ಆಧಾರವಿಲ್ಲ. ಬೇಸಿಗೆಯಲ್ಲೂ, ಮುಟ್ಟಿನಲ್ಲೂ ತಿನ್ನಬಹುದು. ಅತ್ತೆಯವರಿಗೆ ಬೇಡವಾದರೆ ಅವರನ್ನು ಒತ್ತಾಯ ಮಾಡಬೇಡಿ, ಮಕ್ಕಳನ್ನು ತಡೆಯದಿದ್ದರೆ ಸಾಕು. ಇನ್ನು ಶಾಲೆ: ಒಂದರಿಂದ ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ, ಹಾಲು ಇವೆ, 2024ರಿಂದ ವಾರದ ಆರು ದಿನವೂ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ನಿಮ್ಮ ಮಗ ತಿಂದುಬರುತ್ತಾನೆ. ಮಗಳು ತಿನ್ನುತ್ತಾಳೆಯೇ ಎಂದು ಮೆಲ್ಲಗೆ ಕೇಳಿ ನೋಡಿ. ಆ ವಯಸ್ಸಿನ ಹೆಣ್ಣುಮಕ್ಕಳು ಗೆಳತಿಯರ ಮುಂದೆ ಸಾಲಿನಲ್ಲಿ ನಿಲ್ಲಲು ಸಂಕೋಚಪಟ್ಟು ಬಿಸಿಯೂಟ ಬಿಡುತ್ತಾರೆ, ಬೆಳಿಗ್ಗೆ ತಡವಾಯಿತೆಂದು ತಿಂಡಿಯನ್ನೂ ಬಿಟ್ಟಿರುತ್ತಾರೆ. ರಾತ್ರಿಯವರೆಗೆ ಒಂದು ಪ್ಯಾಕೆಟ್ ಬಿಸ್ಕತ್ತಿನಲ್ಲಿ ದಿನ ಕಳೆದಿರುತ್ತದೆ. ಬೈಯದೆ ಕೇಳಿದರೆ ಹೇಳುತ್ತಾಳೆ.

ಎರಡು ಟ್ರೇ ಎಂದರೆ ದಿನಕ್ಕೆ ಎರಡು ಮೊಟ್ಟೆ. ಮಗನಿಗೆ ಶಾಲೆಯಲ್ಲಿ ಸಿಗುತ್ತದೆ. ಮನೆಯ ಎರಡರಲ್ಲಿ ಒಂದು ಮಗಳಿಗೆ, ಇನ್ನೊಂದು ನಿಮಗೆ. ಮಿಕ್ಕಿದ್ದು ನನಗೆ ಎಂದು ಬರೆದಿದ್ದೀರಲ್ಲ, ಮಿಗುವುದು ಅನ್ನ ಮತ್ತು ತಿಳಿ, ಕಾಳು ಎಂದೂ ಮಿಗುವುದಿಲ್ಲ. ದಿನಕ್ಕೆ ಸುಮಾರು 29 ಮಿಲಿಗ್ರಾಂ ಕಬ್ಬಿಣ ನಿಮಗೂ ಬೇಕು, ಗಂಡಸರಿಗಿಂತ ಹತ್ತು ಹೆಚ್ಚು. ಪಲ್ಯ ಇಳಿಸಿದ ಕೂಡಲೇ ಐದು ಬಟ್ಟಲಿಗೆ ಹಾಕಿಟ್ಟುಬಿಡಿ, ಆಮೇಲೆ ಯಾರು ಯಾವಾಗ ಉಂಡರೂ ಪಾಲು ತಪ್ಪುವುದಿಲ್ಲ. ಮಗಳನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದ ದಿನ ನಿಮ್ಮ ಬೆರಳಿನ ರಕ್ತವನ್ನೂ ಕೊಟ್ಟು ಬನ್ನಿ.